ತಂಪುಗಾಳಿಯ ಮುಗ್ಗಲು ವಾಸನೆ



ಶಾಲೆಯ ವಾರ್ಷಿಕ ಸಂಚಿಕೆಗೆ ಕನ್ನಡ ಅಧ್ಯಾಪಕರು ಕವಿಕಾವ್ಯ ವಿಚಾರವನ್ನೋ ವ್ಯಾಕರಣವನ್ನೋ ಬರೆದು ಕೊಡುವುದು ವಾಡಿಕೆ. ಈ ಸಲ ನಾವು ಮೋಟಾರು ಕಾರಿನ ಎ.ಸಿ.ಯ ಬಗ್ಗೆ, ಅದರಲ್ಲೂ ಅದರಿಂದ ಬರುವ ಕೆಟ್ಟ ವಾಸನೆಯ ಬಗ್ಗೆ ಬರೆಯಲು ಹೊರಟಿದ್ದೇವೆ. ಇದು ಕನ್ನಡ ಮಾಸ್ತರರಿಗೆ ತಕ್ಕ ವಿಷಯವೇ ಎಂದು ಕೆಲವರಾದರೂ ಹುಬ್ಬೇರಿಸಬಹುದು. ಆದರೆ ಇದನ್ನು ಬರೆಯಲು ಒಂದು ಕಾರಣವಿದೆ. ಅದನ್ನೇ ಮೊದಲು ಹೇಳಿಬಿಡುತ್ತೇವೆ.

ಕಳೆದ ವರ್ಷ ಉಪಜಿಲ್ಲಾ ಕಲೋತ್ಸವಕ್ಕೆ ಏಳು ಮಂದಿ ಮಕ್ಕಳನ್ನು ಬಾಡಿಗೆ ವಾಹನವೊಂದರಲ್ಲಿ ಕರೆದುಕೊಂಡು ಹೋಗುವ ಹೊಣೆ ನಮ್ಮ ಮೇಲೆ ಬಿದ್ದಿತ್ತು. ಬೆಳಗ್ಗಿನಿಂದಲೇ ಮಳೆ. ಗಾಜುಗಳನ್ನು ಏರಿಸಿ ಎ.ಸಿ. ಹಾಕಿದೊಡನೆ, ಒದ್ದೆ ಗೋಣಿಚೀಲವನ್ನು ಮೂಲೆಯಲ್ಲಿ ಮರೆತಿಟ್ಟಂತಹ ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ಚಾಲಕರು ಸಂಕೋಚದಿಂದ, ಹೊಸದಾಗಿ ಕೊಂಡು ತಂದಿದ್ದ ಸುಗಂಧದ ಕುಪ್ಪಿಯ ಮುಚ್ಚಳ ತೆರೆದು ಗಾಳಿ ಬರುವ ಕಿಂಡಿಗೆ ಸಿಕ್ಕಿಸಿದರು. ಈಗ ಮುಗ್ಗಲೂ ಮಲ್ಲಿಗೆಯೂ ಸೇರಿ ಮೂರನೆಯದೊಂದು ವಾಸನೆ ಹುಟ್ಟಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಎಂಟನೆಯ ತರಗತಿಯ ಹುಡುಗಿ ಕೆಮ್ಮತೊಡಗಿದಳು. ಅವಳಿಗೆ ಉಬ್ಬಸದ ತೊಂದರೆ ಇತ್ತು. ಅವಳು ಕನ್ನಡ ಕಂಠಪಾಠ ಸ್ಪರ್ಧೆಗೆ ಹೊರಟವಳು. "ಸರ್, ಗಾಜು ಇಳಿಸಲೇ?" ಎಂದು ಕೇಳಿದಳು. ಮುಂದಿನ ಆಸನದಲ್ಲಿ ಕುಳಿತಿದ್ದ ನಾವು, "ಮಳೆ ಒಳಗೆ ಬರುತ್ತದೆ, ಸ್ವಲ್ಪ ತಾಳಿಕೋ" ಎಂದೆವು.

ಅವಳು ತಾಳಿಕೊಂಡಳು. ನಾವು ತಲುಪುವ ಹೊತ್ತಿಗೆ ಅವಳ ಉಸಿರಿನಲ್ಲಿ ಸೀಟಿಯಂತಹ ಸದ್ದು ಕೇಳುತ್ತಿತ್ತು. ಚೀಲದಲ್ಲಿದ್ದ ಔಷಧಿಯನ್ನು ಸೇದಿಕೊಂಡು, ಅರ್ಧ ತಾಸು ಜಗಲಿಯಲ್ಲಿ ಕುಳಿತು, ಆಮೇಲೆ ವೇದಿಕೆ ಹತ್ತಿ ಒಡೆದ ಸ್ವರದಲ್ಲಿ ಪದ್ಯ ಹೇಳಿ ಇಳಿದಳು. ಬಹುಮಾನ ಬರಲಿಲ್ಲ. ಬಹುಮಾನದ ಮಾತು ದೊಡ್ಡದಲ್ಲ. ಆದರೆ ಮಗುವೊಂದು ಉಸಿರಿನ ಕಷ್ಟವನ್ನು ಹೇಳಿದಾಗ "ತಾಳಿಕೋ" ಎಂದೆವಲ್ಲ, ಆ ಮಾತು ನಮ್ಮನ್ನು ಬಿಡಲಿಲ್ಲ. ಈ ವಾಸನೆ ಎಲ್ಲಿಂದ ಬರುತ್ತದೆ, ಅದನ್ನು ತಡೆಯಲು ಸಾಧ್ಯವೇ ಎಂದು ಅಂದಿನಿಂದ ಓದಿದೆವು, ಬಲ್ಲವರನ್ನು ಕೇಳಿದೆವು, ಕಣ್ಣಾರೆ ನೋಡಿದೆವು. ತಿಳಿದುದನ್ನು ಈಗ ನಿಮ್ಮ ಮುಂದಿಡುತ್ತೇವೆ.

ಎ.ಸಿ. ಮಾಡುವ ಕೆಲಸ ಏನು?

ಎ.ಸಿ. ತಂಪನ್ನು ಹುಟ್ಟಿಸುವ ಯಂತ್ರವೆಂದು ನಾವು ತಿಳಿದಿರುತ್ತೇವೆ. ನಿಜವಾಗಿ ಅದು ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುವ ಯಂತ್ರ. ಚುಚ್ಚುಮದ್ದು ಕೊಡುವ ಮೊದಲು ದಾದಿಯರು ತೋಳಿಗೆ ಸ್ಪಿರಿಟ್ ಒರೆಸಿದಾಗ ತಣ್ಣಗೆನಿಸುತ್ತದೆಯಷ್ಟೆ? ಸ್ಪಿರಿಟ್ ಆವಿಯಾಗುವಾಗ ಚರ್ಮದ ಶಾಖವನ್ನು ಎಳೆದುಕೊಳ್ಳುತ್ತದೆ. ಎ.ಸಿ.ಯಲ್ಲಿ ನಡೆಯುವುದೂ ಇದೇ. ಡ್ಯಾಶ್‌ಬೋರ್ಡಿನ ಹಿಂದೆ, ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ, ಅಲ್ಯೂಮಿನಿಯಂ ಕೊಳವೆಗಳೂ ತೆಳ್ಳಗಿನ ರೆಕ್ಕೆಗಳೂ ಒತ್ತೊತ್ತಾಗಿ ಜೋಡಿಸಲ್ಪಟ್ಟ ಒಂದು ಭಾಗವಿದೆ. ಅದಕ್ಕೆ ಇವಾಪೊರೇಟರ್ ಎಂದು ಹೆಸರು. ಈ ಪಾಠದಲ್ಲಿ ನಾವು ಅದನ್ನು 'ತಂಪುಗೂಡು' ಎಂದು ಕರೆಯೋಣ. ತಂಪುಗೂಡಿನ ಕೊಳವೆಗಳೊಳಗೆ ಶೀತಕ ದ್ರವ ಆವಿಯಾಗುತ್ತಾ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ, ಕಾರಿನ ಮುಂಭಾಗದಲ್ಲಿರುವ ಕಂಡೆನ್ಸರಿಗೆ ಕಳುಹಿಸುತ್ತದೆ. ಅಲ್ಲಿ ಶಾಖ ಹೊರಗಾಳಿಗೆ ಸೇರಿಹೋಗುತ್ತದೆ. ಆವಿ ಮರಳಿ ದ್ರವವಾಗಿ ತಂಪುಗೂಡಿಗೆ ಬರುತ್ತದೆ. ಫ್ಯಾನು ಗಾಳಿಯನ್ನು ತಂಪುಗೂಡಿನ ರೆಕ್ಕೆಗಳ ನಡುವಿನಿಂದ ತಳ್ಳಿ ನಮ್ಮ ಮುಖಕ್ಕೆ ಬೀಸುತ್ತದೆ.

ಇಲ್ಲಿ ಒಂದು ಕುತೂಹಲದ ಸಂಗತಿ ಇದೆ. 1902ರಲ್ಲಿ ಅಮೆರಿಕದ ಬ್ರೂಕ್ಲಿನ್ನಿನ ಮುದ್ರಣಾಲಯವೊಂದಕ್ಕಾಗಿ ವಿಲ್ಲಿಸ್ ಕ್ಯಾರಿಯರ್ ಎಂಬ 25 ವರ್ಷದ ತರುಣ ಎಂಜಿನಿಯರ್ ಇಂದಿನ ಎ.ಸಿ.ಯ ಮೂಲ ವ್ಯವಸ್ಥೆಯನ್ನು ರೂಪಿಸಿದನು. ಅವನ ಮುಂದಿದ್ದ ಮುಖ್ಯ ಸಮಸ್ಯೆ ಸೆಕೆಯಲ್ಲ, ಗಾಳಿಯ ತೇವ. ತೇವದಿಂದ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಪಕ್ಕಕ್ಕೆ ಸರಿಯುತ್ತಿದ್ದವು. ಗಾಳಿಯನ್ನು ತಣಿಸಿ ಅದರ ನೀರನ್ನು ಇಳಿಸುವುದು ಅವನ ಉಪಾಯ. ಕಾರಿಗೆ ಎ.ಸಿ. ಬಂದುದು ಆಮೇಲೆ. 1939ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿ ಕಾರಖಾನೆಯಲ್ಲೇ ಎ.ಸಿ. ಜೋಡಿಸಿದ ಕಾರನ್ನು ಹೊರತಂದಿತು. ಎಂದರೆ, ಗಾಳಿಯಿಂದ ನೀರು ತೆಗೆಯುವುದು ಎ.ಸಿ.ಯ ಹುಟ್ಟುಗುಣ. ನಮ್ಮ ವಾಸನೆಯ ಕಥೆ ಆರಂಭವಾಗುವುದೂ ಆ ನೀರಿನಿಂದಲೇ.

ನೀರು ಎಲ್ಲಿಂದ ಬಂತು?

ತಣ್ಣೀರು ತುಂಬಿದ ಸ್ಟೀಲು ಲೋಟವನ್ನು ಮೇಜಿನ ಮೇಲಿಡಿ. ಸ್ವಲ್ಪ ಹೊತ್ತಿನಲ್ಲಿ ಅದರ ಹೊರಮೈ ಬೆವರುತ್ತದೆ. ಲೋಟದೊಳಗಿನ ನೀರು ಸೋರಿದ್ದಲ್ಲ. ಗಾಳಿಯಲ್ಲಿದ್ದ ನೀರಾವಿ ತಣ್ಣನೆಯ ಮೈಗೆ ತಗಲಿ ಹನಿಯಾದದ್ದು. ಬಿಸಿ ಗಾಳಿ ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು, ತಣ್ಣನೆಯ ಗಾಳಿ ಕಡಿಮೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡುತ್ತದೆ. ಅದೇ ಗಾಳಿ 5 ಡಿಗ್ರಿಗೆ ಇಳಿದರೆ ಸುಮಾರು 7 ಗ್ರಾಂ ಮಾತ್ರ. ಉಳಿದುದು ನೀರಾಗಿ ಇಳಿಯಲೇಬೇಕು.

ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಪಕ್ಕದಲ್ಲಿ ಕಡಲಿದೆ. ಆಟಿ ತಿಂಗಳಿನಲ್ಲಿ ಗೋಡೆಯೇ ಬೆವರುವ ಊರು ನಮ್ಮದು. ಇಂತಹ ಗಾಳಿ ತಂಪುಗೂಡಿನ ತಣ್ಣನೆಯ ರೆಕ್ಕೆಗಳನ್ನು ಸವರಿ ಹೋಗುವಾಗ ಧಾರಾಳವಾಗಿ ನೀರಿಳಿಯುತ್ತದೆ. ಆ ನೀರು ಗೂಡಿನ ತಳದ ತಟ್ಟೆಗೆ ಬಿದ್ದು, ಸಣ್ಣ ಕೊಳವೆಯ ಮೂಲಕ ಕಾರಿನ ಅಡಿಗೆ ತೊಟ್ಟಿಕ್ಕುತ್ತದೆ. ನಿಲ್ಲಿಸಿದ ಕಾರಿನ ಕೆಳಗೆ ನೀರು ಕಂಡು ಗಾಬರಿಯಾಗುವವರಿದ್ದಾರೆ. ಎ.ಸಿ. ಹಾಕಿದ್ದಾಗ ಶುದ್ಧ ನೀರು ತೊಟ್ಟಿಕ್ಕುವುದು ಒಳ್ಳೆಯ ಲಕ್ಷಣ. ಸೆಕೆಯ ದಿನವೂ ಒಂದು ಹನಿ ಬೀಳದೆ, ಮುಂದಿನ ಆಸನದವರ ಕಾಲಡಿಯ ಹಾಸು ಒದ್ದೆಯಾದರೆ ಆಗ ಯೋಚಿಸಬೇಕು. ಕೊಳವೆ ಕಟ್ಟಿಕೊಂಡಿರಬಹುದು.

ವಾಸನೆ ಹುಟ್ಟುವ ಬಗೆ

ಅಡಿಕೆ ಬೆಳೆಯುವ ಮನೆಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಗಳದಲ್ಲಿ ಹರವಿದ ಅಡಿಕೆಗೆ ಅಕಾಲದ ಮಳೆ ಬಿದ್ದು, ಒಣಗಿಸದೆ ರಾಶಿ ಹಾಕಿದರೆ ಏನಾಗುತ್ತದೆ? ಬೂಷ್ಟು ಹಿಡಿಯುತ್ತದೆ. ಬೂಷ್ಟು ಬೆಳೆಯಲು ಬೇಕಾದುದು ಮೂರು: ತೇವ, ಆಹಾರ, ಕದಡದೆ ನಿಂತ ಗಾಳಿ. ಕಾರು ನಿಲ್ಲಿಸಿ ಮನೆಗೆ ಹೋದ ಮೇಲೆ ತಂಪುಗೂಡಿನಲ್ಲಿ ಈ ಮೂರೂ ಕೂಡಿಬರುತ್ತವೆ. ರೆಕ್ಕೆಗಳ ಸಂದಿಯಲ್ಲಿ ಹನಿಗಳು ನಿಂತಿರುತ್ತವೆ. ಗಾಳಿಯೊಡನೆ ಬಂದ ಧೂಳು, ಹೂವಿನ ಪರಾಗ, ನಮ್ಮದೇ ಚರ್ಮದ ಹೊಟ್ಟು, ಬಟ್ಟೆಯ ನೂಲು ಅಲ್ಲಿ ಅಂಟಿಕೊಂಡಿರುತ್ತವೆ. ಫ್ಯಾನು ನಿಂತಿರುತ್ತದೆ. ಸುತ್ತಲೂ ಕತ್ತಲೆ, ಬೆಚ್ಚನೆಯ ಹವೆ. ಬ್ಯಾಕ್ಟೀರಿಯಗಳೂ ಶಿಲೀಂಧ್ರಗಳೂ ಅಲ್ಲಿ ಸಂಸಾರ ಹೂಡಿ, ಲೋಳೆಯಂತಹ ತೆಳ್ಳಗಿನ ಪೊರೆಯನ್ನು ಕಟ್ಟುತ್ತವೆ. ಅವು ತಿಂದು ಬೆಳೆಯುವಾಗ ಹೊರಬಿಡುವ ಆವಿಗಳೇ ಮುಗ್ಗಲು ವಾಸನೆ. ಮರುದಿನ ಎ.ಸಿ. ಹಾಕಿದ ಮೊದಲ ಕೆಲವು ನಿಮಿಷಗಳಲ್ಲಿ ಅದು ಬಲವಾಗಿ ಬರುವುದೂ ಇದರಿಂದಲೇ.

ಮಾತಿನ ಮಾಸ್ತರರಾದ ನಮಗೆ ಒಂದು ಮಾತು ಹೇಳದೆ ಇರಲಾಗದು. 'ವಾಸನೆ' ಎಂಬ ಪದಕ್ಕೆ ನಮ್ಮ ಹಿರಿಯರು, ಹಿಂದಿನ ಕರ್ಮಗಳು ಮನಸ್ಸಿನಲ್ಲಿ ಉಳಿಸಿ ಹೋದ ಗುರುತು ಎಂಬ ಅರ್ಥವನ್ನೂ ಹೇಳಿದ್ದಾರೆ. ಕಾರಿನ ವಾಸನೆಗೂ ಇದು ಸರಿಹೊಂದುತ್ತದೆ. ಇಂದಿನ ವಾಸನೆ ನಿನ್ನೆ ನಿಂತ ನೀರಿನ ಗುರುತು. ಆದುದರಿಂದ ಇಂದು ಸುಗಂಧ ಚಿಮುಕಿಸಿದರೆ ನಿನ್ನೆಯ ನೀರು ಒಣಗುವುದಿಲ್ಲ. ಸುಗಂಧವು ವಾಸನೆಯನ್ನು ಮುಚ್ಚೀತು, ಬೂಷ್ಟನ್ನು ತೆಗೆಯದು. ಉಬ್ಬಸ ಇರುವ ಕೆಲವರಿಗೆ ಬೂಷ್ಟೂ ಆಗದು, ಕಟು ಸುಗಂಧವೂ ಆಗದು. ಅಂಥವರಿಗೆ ಎರಡೂ ಸೇರಿದರೆ ತೊಂದರೆ ಇಮ್ಮಡಿ. ಆ ದಿನ ನಮ್ಮ ವಾಹನದಲ್ಲಿ ಎರಡೂ ಇದ್ದವು.

ತಡೆಯುವ ಕ್ರಮ

1. ಇಳಿಯುವ ಮೊದಲು ಒಣಗಿಸಿ. ಎಲ್ಲಕ್ಕಿಂತ ಮುಖ್ಯವಾದ ಅಭ್ಯಾಸ ಇದು, ಖರ್ಚಿಲ್ಲದ್ದು. ಮನೆ ತಲುಪಲು ಐದು ನಿಮಿಷ ಇರುವಾಗ ಎ.ಸಿ.ಯ ಗುಂಡಿಯನ್ನು ಮಾತ್ರ ಆರಿಸಿ, ಫ್ಯಾನನ್ನು ಜೋರಾಗಿ ಓಡಲು ಬಿಡಬೇಕು. ಹೊರಗಾಳಿ ಒಳಬರುವಂತೆ ಇಡಬೇಕು. ತಂಪುಗೂಡು ಬೆಚ್ಚಗಾಗಿ, ಹನಿಗಳು ಆವಿಯಾಗಿ ಹೋಗುತ್ತವೆ. ಆದರೆ ಒಂದು ಎಚ್ಚರಿಕೆ: ಮಳೆ ಬರುವಾಗ ಹೀಗೆ ಮಾಡಿದರೆ ಮುಂಗಾಜಿಗೆ ಒಳಗಿನಿಂದ ಮಂಜು ಕವಿಯಬಹುದು. ದಾರಿ ಕಾಣದೆ ಓಡಿಸುವುದಕ್ಕಿಂತ ವಾಸನೆಯೇ ಮೇಲು. ಅಂತಹ ದಿನ ಎ.ಸಿ. ಇರಲಿ. ಮನೆಯ ಮುಂದೆ ಬಯಲಿನಲ್ಲಿ ನಿಲ್ಲಿಸಿದ ಮೇಲೆ ಬಾಗಿಲು ತೆರೆದಿಟ್ಟು ಕೆಲವು ನಿಮಿಷ ಫ್ಯಾನು ಓಡಿಸಬಹುದು. ಮಳೆಗಾಲದ ಗಾಳಿಯೇ ತೇವದ್ದಾದುದರಿಂದ ಒಣಗಲು ಹೆಚ್ಚು ಹೊತ್ತು ಬೇಕು. ಎಂಜಿನ್ ನಿಲ್ಲಿಸಿ ಬಹಳ ಹೊತ್ತು ಫ್ಯಾನು ಓಡಿಸಿದರೆ ಬ್ಯಾಟರಿ ಇಳಿಯುತ್ತದೆ, ಅದನ್ನೂ ನೆನಪಿಡಬೇಕು.

2. ಹೊರಗಾಳಿಗೆ ದಾರಿ ಕೊಡಿ. ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿಯೊಂದು ಇರುತ್ತದೆ. ಬೇಗ ತಂಪಾಗಲು, ಧೂಳು ಹೊಗೆಯ ದಾರಿ ದಾಟಲು ಅದು ಅನುಕೂಲ. ಪ್ರಯಾಣವಿಡೀ ಹಾಗೆಯೇ ಇಟ್ಟರೆ ನಮ್ಮ ಉಸಿರಿನ ತೇವವೂ ಇಂಗಾಲಾಮ್ಲವೂ ಒಳಗೇ ಸೇರುತ್ತವೆ. ತುಂಬಿದ ವಾಹನದಲ್ಲಿ ಮಕ್ಕಳಿಗೆ ತೂಕಡಿಕೆ, ತಲೆಭಾರ ಬರುವುದಕ್ಕೆ ಇದೂ ಒಂದು ಕಾರಣ.

3. ಫಿಲ್ಟರನ್ನು ನೋಡಿ. ಈಗಿನ ಹೆಚ್ಚಿನ ಕಾರುಗಳಲ್ಲಿ ಒಳಬರುವ ಗಾಳಿಯನ್ನು ಸೋಸಲು ಮಡಿಕೆ ಮಡಿಕೆಯಾದ ಕಾಗದದಂತಹ ಫಿಲ್ಟರ್ ಇರುತ್ತದೆ. ಸಾಮಾನ್ಯವಾಗಿ ಅದು ಎಡ ಆಸನದ ಎದುರಿನ ಕಪಾಟಿನ ಹಿಂದೆ ಇರುತ್ತದೆ. ವರ್ಷಕ್ಕೊಮ್ಮೆ ಅಥವಾ 10,000ದಿಂದ 15,000 ಕಿಲೋಮೀಟರಿಗೊಮ್ಮೆ ಬದಲಿಸುವುದು ರೂಢಿ. ನಿಮ್ಮ ಕಾರಿನ ಲೆಕ್ಕ ಅದರ ಕೈಪಿಡಿಯಲ್ಲಿರುತ್ತದೆ. ಕೆಂಪು ಧೂಳಿನ ದಾರಿಯಲ್ಲಿ ಓಡುವ ವಾಹನವಾದರೆ ನಡುವೆಯೂ ಒಮ್ಮೆ ತೆಗೆದು ನೋಡುವುದು ಲೇಸು. ಕಾಗದದ ಫಿಲ್ಟರನ್ನು ತೊಳೆದು ಮರಳಿ ಹಾಕಬಾರದು, ಒದ್ದೆ ಫಿಲ್ಟರೇ ಬೂಷ್ಟಿನ ಮನೆಯಾಗುತ್ತದೆ. ಹೊಸದನ್ನು ಹಾಕುವಾಗ ಅದರ ಮೇಲಿನ ಬಾಣದ ಗುರುತು ಕೈಪಿಡಿ ಹೇಳಿದ ದಿಕ್ಕಿಗಿರಬೇಕು.

4. ಎಲೆ ಹೆಕ್ಕಿರಿ. ಹೊರಗಾಳಿ ಒಳಸೇರುವುದು ಮುಂಗಾಜಿನ ಬುಡದಲ್ಲಿರುವ ಜಾಲರಿಯಿಂದ. ಹಲಸಿನ ಮರದಡಿ ನಿಲ್ಲಿಸಿದ ಕಾರಿನ ಆ ಜಾಲರಿಯಲ್ಲಿ ತರಗೆಲೆ ಸೇರಿ ಕೊಳೆಯುತ್ತದೆ. ಕೊಳೆತ ಎಲೆಯ ಮೇಲಿಂದ ಬಂದ ಗಾಳಿಗೆ ಕೊಳೆತ ಎಲೆಯ ವಾಸನೆಯೇ ಇರುತ್ತದೆ. ವಾರಕ್ಕೊಮ್ಮೆ ಹೆಕ್ಕುವುದು ಮಕ್ಕಳಿಗೂ ಆಗುವ ಕೆಲಸ.

5. ಒದ್ದೆಯನ್ನು ಒಳಗಿಡಬೇಡಿ. ಕೊಡೆ, ಮಳೆಯಂಗಿ, ಒದ್ದೆ ಚಪ್ಪಲಿಗಳನ್ನು ರಾತ್ರಿಯಿಡೀ ಕಾರಿನೊಳಗೆ ಬಿಡಬಾರದು. ಕಾಲಡಿಯ ಹಾಸನ್ನು ಬಿಸಿಲು ಕಂಡ ದಿನ ತೆಗೆದು ಒಣಗಿಸಬೇಕು. ಹಾಲು ಚೆಲ್ಲಿದರೆ, ಮೀನಿನ ನೀರು ಸೋರಿದರೆ ಕೂಡಲೇ ತೊಳೆದು ಒಣಗಿಸಬೇಕು. ಕಾರಿನೊಳಗೆ ಬೀಡಿ ಸಿಗರೇಟು ಸೇದಿದರೆ ಆ ಹೊಗೆ ಆಸನಗಳಿಗೂ ಗಾಳಿಯ ದಾರಿಗೂ ಅಂಟಿಕೊಂಡು ಬಹುಕಾಲ ಉಳಿಯುತ್ತದೆ. ಮಕ್ಕಳ ಆರೋಗ್ಯದ ದೃಷ್ಟಿಯಿಂದಲೂ ಅದು ಕೂಡದು.

6. ಬೂಷ್ಟು ಆಗಲೇ ಬೆಳೆದಿದ್ದರೆ ತಂಪುಗೂಡನ್ನು ತೊಳೆಸಬೇಕು. ಅದಕ್ಕೆಂದೇ ತಯಾರಿಸಿದ ನೊರೆಯಂತಹ ದ್ರಾವಣ ಸಿಗುತ್ತದೆ. ಬಲ್ಲ ಮೆಕ್ಯಾನಿಕರಿಂದ ಮಾಡಿಸುವುದು ಉತ್ತಮ. ಆ ವೇಳೆ ಒಳಗೆ ಯಾರೂ ಕುಳಿತಿರಬಾರದು, ಆಮೇಲೆ ಬಾಗಿಲು ತೆರೆದಿಟ್ಟು ಚೆನ್ನಾಗಿ ಗಾಳಿಯಾಡಿಸಬೇಕು. ನೀರು ಹೋಗುವ ಕೊಳವೆಯನ್ನೂ ಜೊತೆಗೆ ಬಿಡಿಸಬೇಕು. ಫಿನೈಲು, ಬ್ಲೀಚಿಂಗ್ ನೀರು ಮುಂತಾದುವನ್ನು ಗಾಳಿಯ ಕಿಂಡಿಗೆ ಸುರಿಯುವ ಸಾಹಸ ಬೇಡ. ಬ್ಲೀಚಿಂಗ್ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಅದರ ಘಾಟು ನಮ್ಮ ಶ್ವಾಸಕೋಶವನ್ನು ಕೆಣಕುತ್ತದೆ.

ಅಲಕ್ಷಿಸಬಾರದ ವಾಸನೆಗಳು

ಎಲ್ಲ ವಾಸನೆಯೂ ಬೂಷ್ಟಿನದಲ್ಲ. ಪೆಟ್ರೋಲಿನ ವಾಸನೆ ಬಂದರೆ, ಸುಟ್ಟ ರಬ್ಬರ್ ಅಥವಾ ತಂತಿಯ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ಇಳಿಯಬೇಕು. ಪಾಕದಂತಹ ಸಿಹಿ ವಾಸನೆ ಬಂದರೆ ಎಂಜಿನ್ನನ್ನು ತಣಿಸುವ ದ್ರವ ಸೋರುತ್ತಿರಬಹುದು. ಆ ದ್ರವ ವಿಷ, ಮಕ್ಕಳೂ ಸಾಕುಪ್ರಾಣಿಗಳೂ ಮುಟ್ಟಬಾರದು. ಹೊಗೆಕೊಳವೆಯ ವಾಸನೆ ಒಳಬಂದರೆ ಗಾಜು ಇಳಿಸಿ ಕೂಡಲೇ ಪರೀಕ್ಷಿಸಿಸಬೇಕು. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಮಾರಕ ಅನಿಲವಿದೆ, ಅದಕ್ಕೆ ತನ್ನದೆಂಬ ವಾಸನೆಯೇ ಇಲ್ಲ. ಹಾಗಾಗಿ ಎಂಜಿನ್ ಓಡಿಸಿ ಎ.ಸಿ. ಹಾಕಿಕೊಂಡು ನಿಂತ ಕಾರಿನಲ್ಲಿ ಗಾಜು ಮುಚ್ಚಿ ಮಲಗುವುದು, ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುವುದು ಎಂದಿಗೂ ಕೂಡದು. ವಾಸನೆ ನಮ್ಮನ್ನು ಎಚ್ಚರಿಸುವ ಗೆಳೆಯ. ಆದರೆ ಎಲ್ಲ ಅಪಾಯಕ್ಕೂ ಆ ಗೆಳೆಯ ಬರುವುದಿಲ್ಲ.

ಕೊನೆಯದಾಗಿ

ಆ ಚಾಲಕರನ್ನು ಕಲೋತ್ಸವದ ಮರುವಾರ ನಾವು ಭೇಟಿಯಾದೆವು. ಅವರು ನಮ್ಮ ಶಾಲೆಯ ವಿದ್ಯಾರ್ಥಿಯೊಬ್ಬನ ತಂದೆಯೂ ಹೌದು. ವಾಸನೆಯಿಂದಾಗಿ ಬಾಡಿಗೆಗೆ ಕರೆಯುವವರು ಕಡಿಮೆಯಾದರೆಂದೂ, ಎರಡು ತಿಂಗಳಲ್ಲಿ ಮೂರು ಸುಗಂಧದ ಕುಪ್ಪಿ ಕೊಂಡೆನೆಂದೂ ನೊಂದುಕೊಂಡರು. ಶಾಲೆಯ ಅಂಗಳದಲ್ಲೇ ನಾವಿಬ್ಬರೂ ಕೈಪಿಡಿ ನೋಡಿ ಫಿಲ್ಟರನ್ನು ಹೊರಗೆಳೆದೆವು. ಬಿಳಿಯದಾಗಿರಬೇಕಾದ ಹಾಳೆ ಅಟ್ಟದ ಮಸಿಯಂತೆ ಕಪ್ಪಾಗಿತ್ತು. ಮಡಿಕೆಗಳಲ್ಲಿ ತರಗೆಲೆ ಚೂರು, ಸತ್ತ ಹುಳು, ನಡುವೆ ಬೂದುಬಣ್ಣದ ಬೂಷ್ಟು. "ಇದನ್ನು ದಾಟಿ ಬಂದ ಗಾಳಿಯನ್ನೇ ನನ್ನ ಮಕ್ಕಳೂ ಕುಡಿದದ್ದು" ಎಂದರು ಅವರು. ಫಿಲ್ಟರ್ ಬದಲಾಯಿತು, ತಂಪುಗೂಡು ತೊಳೆಯಲ್ಪಟ್ಟಿತು. ಇಳಿಯುವ ಮೊದಲು ಒಣಗಿಸುವ ಅಭ್ಯಾಸವನ್ನು ಅವರು ಬಿಡದೆ ನಡೆಸುತ್ತಿದ್ದಾರೆ. ಮಳೆ ಬಲವಾದಾಗ ಒಮ್ಮೊಮ್ಮೆ ಸ್ವಲ್ಪ ವಾಸನೆ ಬರುತ್ತದೆಯಂತೆ, ಆದರೆ ಕುಪ್ಪಿ ಕೊಳ್ಳುವುದನ್ನು ನಿಲ್ಲಿಸಿದ್ದಾರೆ.

ಅಂದು ಆ ಹುಡುಗಿಗೆ ಉಸಿರು ಕಟ್ಟಿದ್ದು ಬೂಷ್ಟಿನಿಂದಲೋ ಸುಗಂಧದಿಂದಲೋ ಮಳೆಯ ತಂಡಿಯಿಂದಲೋ ಎಂದು ನಿರ್ಣಯಿಸಲು ನಾವು ವೈದ್ಯರಲ್ಲ. ಆದರೆ ಗಾಜನ್ನು ಎರಡು ಬೆರಳಿನಷ್ಟು ಇಳಿಸಲು ವೈದ್ಯರಾಗಬೇಕಿರಲಿಲ್ಲ. ಈ ವರ್ಷ ಅವಳು ಅದೇ ವಾಹನದಲ್ಲಿ ಬಂದಳು. ಮುಂದಿನ ಆಸನದಲ್ಲಿ ಅವಳನ್ನು ಕುಳ್ಳಿರಿಸಿ ನಾವು ಹಿಂದೆ ಕುಳಿತೆವು. ಹೊರಡುವ ಮೊದಲು ಎಲ್ಲ ಗಾಜುಗಳನ್ನು ಇಳಿಸಿ ಎರಡು ನಿಮಿಷ ಫ್ಯಾನು ಓಡಿಸುವಂತೆ ಚಾಲಕರಿಗೆ ಹೇಳಿದವಳೂ ಅವಳೇ.

ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಮಗು ಕಾರಿನಲ್ಲಿ "ವಾಸನೆ ಬರುತ್ತಿದೆ" ಎಂದರೆ ಅದನ್ನು ಹಟವೆಂದು ತಳ್ಳಿಹಾಕಬೇಡಿ. ಮಕ್ಕಳ ಮೂಗು ಸುಳ್ಳು ಹೇಳುವುದು ಕಡಿಮೆ. ವಾಸನೆಯನ್ನು ಮುಚ್ಚುವ ಮೊದಲು ಅದು ಎಲ್ಲಿಂದ ಬಂತೆಂದು ಹುಡುಕಿ. ನೀರು ನಿಂತಲ್ಲಿ ಅದನ್ನು ಒಣಗಿಸಿ.

ಅಭ್ಯಾಸ

1. ತಣ್ಣೀರಿನ ಲೋಟದ ಹೊರಮೈ ಬೆವರುವುದೇಕೆ? ಒಣಹವೆಯ ದಿನ ಮತ್ತು ಮಳೆಯ ದಿನ ಈ ಪ್ರಯೋಗ ಮಾಡಿ, ಹನಿ ಮೂಡಲು ತಗಲಿದ ಸಮಯವನ್ನು ಬರೆದಿಡಿ.

2. ಮನೆಯಲ್ಲಿ ಅಥವಾ ನೆರೆಯಲ್ಲಿ ಕಾರು ಇದ್ದರೆ, ಹಿರಿಯರ ಜೊತೆಗೆ ಅದರ ಫಿಲ್ಟರನ್ನು ಹೊರತೆಗೆದು ನೋಡಿ. ಕಂಡುದನ್ನು ಹತ್ತು ವಾಕ್ಯಗಳಲ್ಲಿ ವರ್ಣಿಸಿ.

3. ಕಂಪು, ಘಮ, ನಾತ, ಘಾಟು, ಕಮಟು, ಮುಗ್ಗಲು: ಈ ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿ. ನಿಮ್ಮ ಮನೆಮಾತಿನಲ್ಲಿ, ತುಳುವಾಗಲಿ ಮಲಯಾಳವಾಗಲಿ ಕೊಂಕಣಿಯಾಗಲಿ ಮರಾಠಿಯಾಗಲಿ, ಇವಕ್ಕೆ ಏನೆನ್ನುತ್ತಾರೆಂದು ಅಜ್ಜಿಯನ್ನು ಕೇಳಿ ಪಟ್ಟಿ ಮಾಡಿ.

4. "ಸುಗಂಧವು ವಾಸನೆಯನ್ನು ಮುಚ್ಚೀತು, ಬೂಷ್ಟನ್ನು ತೆಗೆಯದು." ಈ ಮಾತು ಕಾರಿಗಲ್ಲದೆ ಬೇರೆ ಯಾವ ಸಂದರ್ಭಗಳಿಗೆ ಹೊಂದುತ್ತದೆ? ಒಂದು ಉದಾಹರಣೆ ಕೊಡಿ.